ಅಷ್ಟು ಜಾಗಕ್ಕೆ ಮಾತ್ರ ಬಿತ್ತಿದ ಹುಲ್ಲು

ಬಯಲುಸೀಮೆಯ ಒಂದು ಪಟ್ಟಣದ ಅಂಚಿನಲ್ಲಿ, ಬೇಕಾದಷ್ಟು ಇದ್ದವನೊಬ್ಬ ಮನೆ ಕಟ್ಟಿಸಿಕೊಂಡಿದ್ದ. ಅವನ ಹೆಸರು ನಿಮಗೆ ಬೇಡ. ಊರಿನವರು ಯಜಮಾನ್ರು ಎನ್ನುತ್ತಿದ್ದರು. ನಾವೂ ಹಾಗೇ ಕರೆಯೋಣ.

ಮನೆಯ ಮುಂದೆ ಅರ್ಧ ಎಕರೆ ಗರಿಕೆ ಹಾಸಿತ್ತು. ನಾವು ಗಣಪತಿಗೆ ಏರಿಸುವ ಅದೇ ಗರಿಕೆ. ನಾವು ಹಬ್ಬದ ಬೆಳಿಗ್ಗೆ ಇಪ್ಪತ್ತೊಂದು ಎಸಳಿಗಾಗಿ ಬೀದಿ ಸುತ್ತುತ್ತೇವೆ. ಅವನು ಅದರ ಮೇಲೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದ. ತಪ್ಪಲ್ಲ. ಗಣಪತಿಗೂ ಬೇಜಾರಿಲ್ಲ.

ಗರಿಕೆಯ ಸ್ವಭಾವ ನಿಮಗೆ ಗೊತ್ತು. ಗೊತ್ತಿಲ್ಲದವರು ಹೊಲದಲ್ಲಿ ಅದನ್ನು ಕಿತ್ತವರನ್ನು ಕೇಳಿ. ಒಂದು ಗೆಣ್ಣು ಉಳಿದರೆ ಸಾಕು, ಮತ್ತೆ ಬರುತ್ತದೆ. ಬಿಸಿಲಿನ ಹುಲ್ಲು ಅದು. ಬಿಸಿಲು ಏರಿದಷ್ಟೂ ಹಬ್ಬುತ್ತದೆ. ಚಳಿ ಬಿದ್ದರೆ ಕಂದು ಬಣ್ಣಕ್ಕೆ ತಿರುಗಿ ಮಲಗುತ್ತದೆ. ನೋಡಿ, ಸತ್ತಿರುವುದಿಲ್ಲ. ಮಲಗಿರುತ್ತದೆ. ಯುಗಾದಿಗೆ ಏಳುತ್ತದೆ.

ಅಂಥ ಹುಲ್ಲು ಒಂದು ಜಾಗದಲ್ಲಿ ತೆಳುವಾಗತೊಡಗಿತು. ತೆಂಗಿನ ಮರದ ಬುಡದಿಂದ ಎರಡು ಮಾರು ಈಚೆ, ಒಂದು ಮೊರದಷ್ಟು ಅಗಲ. ಯಾರ ಕಣ್ಣಿಗೂ ಬೀಳಲಿಲ್ಲ. ಅರ್ಧ ಎಕರೆಯಲ್ಲಿ ಒಂದು ಮೊರ ಯಾವ ಲೆಕ್ಕ? ಆದರೆ ಯಜಮಾನನ ಕಣ್ಣು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಅಲ್ಲಿಗೇ ಹೋಗುತ್ತಿತ್ತು.

ಯಾಕೆ? ಅಲ್ಲಿ ಏನಾಗಿತ್ತು ಎಂದು ಅವನಿಗೆ ಗೊತ್ತಿತ್ತು.

ಕಾರ್ತಿಕ ಮಾಸದ ಒಂದು ಬೆಳಿಗ್ಗೆ. ಯಜಮಾನನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ದೊಡ್ಡ ಮನೆತನ. ಬಂದವರಿಗೆ ಎಳನೀರು ಕೊಡಬೇಕೆಂದು ಯಜಮಾನ ತನ್ನ ಮಾಲಿಯನ್ನು ಮರ ಹತ್ತಿಸಿದ. ಈ ಕಥೆಯಲ್ಲಿ ಇಬ್ಬರಿಗೆ ಮಾತ್ರ ಹೆಸರಿದೆ. ಮಾಲಿಯ ಹೆಸರು ಮೂಡಲಯ್ಯ. ಅವನ ಹೆಂಡತಿ ಕಾಮಕ್ಕ.

ಮೂಡಲಯ್ಯ ಕೊರಳಿಗೆ ತುಳಸಿಮಣಿ ಕಟ್ಟಿದವನು. ಹೆಂಡ ಮುಟ್ಟಿದವನಲ್ಲ. ಆ ಊರಿನಲ್ಲಿ ಒಂದು ಪದ್ಧತಿ ಇತ್ತು: ಯಾರು ಸತ್ತರೂ ಭಜನೆ ಮಂಡಳಿಯವರು ಹೆಣದ ಮುಂದೆ ಹಾಡಿಕೊಂಡು ಮಣ್ಣಿನವರೆಗೆ ಹೋಗಬೇಕು. ಇಪ್ಪತ್ತು ವರ್ಷ ಮೂಡಲಯ್ಯ ಆ ಮೊದಲ ಸಾಲಿನಲ್ಲಿ ತಾಳ ಹಿಡಿದು ನಡೆದಿದ್ದ. ಊರಿನ ಎಷ್ಟು ಹೆಣಗಳನ್ನು ಹಾಡಿ ಕಳಿಸಿದ್ದನೋ ಅವನಿಗೇ ನೆನಪಿರಲಿಲ್ಲ.

ಅವನು ಮರದಿಂದ ಬಿದ್ದ.

ಸದ್ದು ಕೇಳಿ ಯಜಮಾನ ಹೊರಗೆ ಬಂದ. ಮೂಡಲಯ್ಯ ಗರಿಕೆಯ ಮೇಲೆ ಮಲಗಿದ್ದ. ಒಂದು ಕೈ ಚಾಚಿಕೊಂಡಿತ್ತು. ಒಂದು ಕಾಲು ಮಡಚಿತ್ತು. ಕಣ್ಣು ತೆರೆದಿತ್ತು. "ನೀರು" ಎಂದ.

"ಸುಮ್ನಿರು ಮೂಡ್ಲಯ್ಯ, ಬಂದೆ" ಎಂದ ಯಜಮಾನ. ಡ್ರೈವರನಿಗೆ ಹೇಳಿ ಕ್ರೋಟನ್ ಕುಂಡಗಳನ್ನು ಸಾಲಾಗಿ ಅಡ್ಡ ಇಡಿಸಿದ. ಒಂದು ಗೋಣಿತಾಟು ಹೊದಿಸಿದ. ಅವನ ಜೊತೆ ಬಿದ್ದಿದ್ದ ಎಳನೀರನ್ನು ಒಳಗೆ ಕಳಿಸಿದ.

ಕಲ್ಲುಹೃದಯದವನು ಎನ್ನುತ್ತೀರಾ? ಅಲ್ಲ. ನಿಮ್ಮಂತೆ, ನನ್ನಂತೆ ಇದ್ದವನು. ಅವನು ಯೋಚಿಸಿದ್ದು ಇಷ್ಟೇ: ಹೆಣ್ಣು ನೋಡುವ ಹೊತ್ತಿನಲ್ಲಿ ಅಂಗಳದಲ್ಲಿ ಹೀಗಾಯಿತು ಎಂದರೆ ಸಂಬಂಧ ಮುರಿಯುತ್ತದೆ. ಅಪಶಕುನ. ಅವರು ಎದ್ದು ಹೋಗಲಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋದರಾಯಿತು. ಹತ್ತು ನಿಮಿಷ.

ನೋಡಿ, ನಮ್ಮಲ್ಲಿ ಬೀಗರಾಗುವವರು ಹತ್ತು ನಿಮಿಷದಲ್ಲಿ ಎದ್ದ ಚರಿತ್ರೆ ಇದೆಯೇ? ಉಪ್ಪಿಟ್ಟು ಎರಡನೇ ಸಲ ಬಂತು. ಕೇಸರಿಬಾತ್ ಬಂತು. ಗಂಡಿನ ಸೋದರಮಾವ ಕಾಲು ಚಾಚಿ ಕುಳಿತು, "ಏನಮ್ಮ, ಬರೀ ತಲೆ ತಗ್ಗಿಸಿಕೊಂಡು ಕೂತ್ರೆ ಹೆಂಗೆ? ಒಂದು ದೇವರನಾಮ ಹೇಳು, ಕೇಳೋಣ" ಎಂದ. ಹುಡುಗಿ ಹಾಡಿದಳು. "ಇನ್ನೊಂದು" ಎಂದ. ಇನ್ನೊಂದು ಹಾಡಿದಳು. ಕಿಟಕಿ ತೆರೆದಿತ್ತು.

ಒಂದು ಗಂಟೆಯ ಮೇಲಾಯಿತು. ಅವರು ಹೊರಟಾಗ ಗೋಣಿತಾಟಿನ ಕೆಳಗೆ ಉಸಿರು ನಿಂತಿತ್ತು.

ಒಂದು ತಪ್ಪು ಆದಮೇಲೆ ಎರಡನೆಯದಕ್ಕೆ ಕೈ ನಡುಗುವುದಿಲ್ಲ. ಕತ್ತಲಾದ ಮೇಲೆ ಮೂಡಲಯ್ಯನನ್ನು ಊರಾಚೆಯ ಮೋರಿಯ ಬಳಿ ಇಳಿಸಿ, ಅಂಗಿಯ ಮೇಲೆ ಒಂದು ಕ್ವಾರ್ಟರ್ ಬಾಟಲಿ ಸುರಿದರು. ಬೆಳಿಗ್ಗೆ ಕಂಡವರು ಮೂಗು ಮುಚ್ಚಿಕೊಂಡರು. ಕುಡಿದು ಮೋರಿಗೆ ಬಿದ್ದ ಎಂದು ಬರೆದುಕೊಂಡವರು ಬರೆದುಕೊಂಡರು.

ಭಜನೆ ಮಂಡಳಿಯವರು ಬರಲಿಲ್ಲ. "ಕೊರಳಲ್ಲಿ ಮಣಿ, ಹೊಟ್ಟೇಲಿ ಹೆಂಡ. ಇಷ್ಟು ವರ್ಷ ನಮ್ಮ ಕಣ್ಣಿಗೆ ಮಣ್ಣು ಹಾಕಿದ ನನ್ಮಗ" ಎಂದರು. ಊರನ್ನೆಲ್ಲ ಹಾಡಿ ಕಳಿಸಿದವನು ಹಾಡಿಲ್ಲದೆ ಹೋದ. ಹೊತ್ತವರ ಕಾಲಿನ ಸದ್ದು ಬಿಟ್ಟರೆ ದಾರಿಯಲ್ಲಿ ಬೇರೆ ಸದ್ದಿರಲಿಲ್ಲವಂತೆ.

ಯಜಮಾನ ಕಾಮಕ್ಕನನ್ನು ಕರೆಸಿ ಅಂಗಳ ಗುಡಿಸುವ ಕೆಲಸ ಕೊಟ್ಟ. ಎರಡು ಚೀಲ ಅಕ್ಕಿ ಕೊಟ್ಟ. ಊರು ಕೊಂಡಾಡಿತು. "ಕುಡುಕನ ಹೆಂಡ್ತೀನೂ ಕೈ ಬಿಡಲಿಲ್ಲ ನೋಡು ಪುಣ್ಯಾತ್ಮ!"

ಸಂಬಂಧ ಕೂಡಿಬಂತು. ಮಾಘ ಮಾಸದಲ್ಲಿ ನಿಶ್ಚಿತಾರ್ಥ, ಅದೇ ಹುಲ್ಲುಹಾಸಿನ ಮೇಲೆ. ಪುಷ್ಯದ ಚಳಿಗೆ ಗರಿಕೆಯೆಲ್ಲ ಕಂದಾಗಿ ಮಲಗಿತ್ತು. ಆ ಮೊರದಗಲ ಮಾತ್ರ ಅದೂ ಇರಲಿಲ್ಲ. ಯಜಮಾನ ಹೊಸ ಮಾಲಿಯನ್ನು ಕರೆದ.

ಹೊಸ ಮಾಲಿ ನರ್ಸರಿಯಲ್ಲಿ ಪಳಗಿದವನು. "ಯಜಮಾನ್ರೇ, ಮಲಗಿರೋ ಗರಿಕೇನ ಏಳಿಸಕ್ಕಾಗಲ್ಲ. ಹಸಿರೇ ಬೇಕು ಅಂದ್ರೆ ಚಳಿಗಾಲದ ಹುಲ್ಲಿನ ಬೀಜ ಸಿಗ್ತದೆ, ಗರಿಕೆ ಮೇಲೇ ಬಿತ್ತಬೋದು. ಆದ್ರೆ ಗರಿಕೇನೆಲ್ಲ ಬುಡಮಟ್ಟ ಕತ್ತರಿಸಬೇಕು, ಒಣಗಿದ್ದನ್ನ ಹಲ್ಲುಗೋಲಲ್ಲಿ ಕೆರೆದು ತೆಗೀಬೇಕು. ಮಣ್ಣು ಕಾಣಬೇಕು. ಆಮೇಲೆ ಎಲ್ಲಾ ಕಡೀಗೂ ಒಂದೇ ಸಮ ಬಿತ್ತಬೇಕು."

"ಎಲ್ಲಾ ಕಡೆ ಕೆರೆಯೋದು ಬೇಡ. ಅಲ್ಲಿಗೆ ಮಾತ್ರ ಹಾಕು."

"ಅಲ್ಲಿಗೆ ಮಾತ್ರ ಹಾಕಿದ್ರೆ ಹಳೇ ಪಂಚೆಗೆ ರೇಷ್ಮೆ ತೇಪೆ ಹಾಕಿದಂಗಾಗ್ತದೆ. ಈಗ ತೂತು ಯಾರಿಗೂ ಕಾಣ್ತಿಲ್ಲ. ತೇಪೆ ಹತ್ತೂರಿಗೆ ಕಾಣ್ತದೆ."

"ನಿನ್ನ ಗಾದೆ ನಿನ್ನ ಹತ್ರ ಇಟ್ಕೋ. ಚೀಲ ಇಲ್ಲಿ ಕೊಡು."

ನಡುಮಧ್ಯಾಹ್ನ. ಯಜಮಾನ ತಾನೇ ಚೀಲ ಹಿಡಿದು ಹೋದ. ಮಾಲಿ ದೂರ ನಿಂತು ನೋಡಿದ. ಇಲ್ಲಿ ಸ್ವಲ್ಪ ಗಮನ ಕೊಡಿ. ತೆಳುವಾಗಿದ್ದ ಜಾಗ ಎಷ್ಟು? ಒಂದು ಮೊರ. ಯಜಮಾನನ ಕೈ ಅಷ್ಟಕ್ಕೆ ನಿಲ್ಲಲಿಲ್ಲ. ಮೇಲೆ ಒಂದು ಹಿಡಿ ದುಂಡಗೆ ಚೆಲ್ಲಿದ. ಅದರ ಕೆಳಗೆ ಅಗಲವಾಗಿ, ಉದ್ದಕ್ಕೆ. ಬಲಕ್ಕೆ ಹೊರಳಿ ಒಂದು ಸಾಲು. ನಿಂತ. ಏನೋ ನೆನೆಸಿಕೊಳ್ಳುವವನಂತೆ ನಿಂತ. ಮತ್ತೆ ಬಗ್ಗಿ, ಕೆಳಗೆ ಒಂದು ಸಾಲು ನೇರ, ಒಂದು ಸಾಲು ಮಡಚಿದ ಹಾಗೆ. ಎಲ್ಲಿ ನಿಲ್ಲಿಸಬೇಕೆಂದು ಯಾರೂ ಹೇಳಲಿಲ್ಲ. ಕೈಗೆ ಗೊತ್ತಿತ್ತು. ಒಂದು ಬೀಜ ಆಚೆ ಬೀಳಲಿಲ್ಲ, ಈಚೆ ಬೀಳಲಿಲ್ಲ.

ತಾನು ಏನು ಬಿತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಇದನ್ನು ನೀವು ನಂಬಬೇಕು. ಅವನು ಮುಚ್ಚಲು ಹೋಗಿದ್ದ.

ಎಂಟನೆಯ ದಿನ ಮೊಳಕೆ. ಹನ್ನೆರಡನೆಯ ದಿನ ಹಸಿರು. ಸಣ್ಣ ಎಸಳಿನ, ಹೊಳೆಯುವ ಹಸಿರು. ಸುತ್ತ ಅರ್ಧ ಎಕರೆ ಕಂದು. ಕೆಳಗೆ ನಿಂತು ನೋಡಿದರೆ ಒಂದು ಹಸಿರು ಗುಡ್ಡೆ, ಅಷ್ಟೇ. ಆದರೆ ಮಗಳ ಕೋಣೆ ಮಹಡಿಯ ಮೇಲಿತ್ತು. ಬೆಳಿಗ್ಗೆ ತಲೆ ಒರೆಸಿಕೊಳ್ಳುತ್ತ ಕಿಟಕಿಗೆ ಬಂದವಳು ಕೂಗಿದಳು:

"ಅಪ್ಪಾಜೀ, ಹುಲ್ಲಿನ ಮೇಲೆ ಯಾರೋ ಮಲಗಿದ್ದಾರೆ!"

ಯಜಮಾನ ಮೇಲೆ ಹೋಗಿ ನೋಡಿದ. ಒಂದು ಕೈ ಚಾಚಿಕೊಂಡಿತ್ತು. ಒಂದು ಕಾಲು ಮಡಚಿತ್ತು.

"ಯಾರೂ ಇಲ್ಲ. ಕಿಟಕಿ ಹಾಕ್ಕೋ" ಎಂದ.

ಇಳಿದು ಬಂದು ಮಾಲಿಗೆ ಕತ್ತರಿಸಲು ಹೇಳಿದ. ಆ ಹುಲ್ಲಿನ ಗುಣವೇ ಹಾಗೆ, ಕತ್ತರಿಸಿದಷ್ಟೂ ದಟ್ಟವಾಗುತ್ತದೆ. ಅಂಚು ಇನ್ನೂ ಸ್ಪಷ್ಟವಾಯಿತು. ಬೆರಳು ಎಣಿಸಬಹುದು ಎನ್ನುವಷ್ಟು. "ಮುಟ್ಟಬೇಡ, ಬಿಡು, ನೀರು ನಿಲ್ಲಿಸು" ಎಂದ. ನೀರು ನಿಲ್ಲಿಸಿದರೆ ಇಬ್ಬನಿ ಬಿತ್ತು. ಒಣಗಿದ ಗರಿಕೆಯಲ್ಲಿ ಕಾಣದ ಇಬ್ಬನಿ ಹಸಿರಿನ ಮೇಲೆ ಹನಿಹನಿಯಾಗಿ ನಿಂತಿತು. ಸೂರ್ಯ ಹುಟ್ಟುವ ಹೊತ್ತಿಗೆ ಅದು ಬೆವರಿದವನಂತೆ ಹೊಳೆಯುತ್ತಿತ್ತು. ಗಾಳಿ ಬಂದಾಗ ಮಲಗಿದ ಗರಿಕೆ ಅಲುಗಲಿಲ್ಲ. ಅದು ಮಾತ್ರ ಅಲುಗಿತು. ಎದೆಯ ಭಾಗ ಏರಿತು, ಇಳಿಯಿತು. ಏರಿತು, ಇಳಿಯಿತು.

ಮಾಲಿ ಆ ಕಡೆ ಹೋಗುವುದನ್ನು ಬಿಟ್ಟ.

ಕಾಮಕ್ಕ ಬಿಡಲಿಲ್ಲ. ಮಹಡಿ ಮೆಟ್ಟಿಲು ಗುಡಿಸಲು ಹತ್ತಿದ ದಿನ ಅವಳು ಮೇಲಿನಿಂದ ನೋಡಿದಳು. ಕಿರುಚಲಿಲ್ಲ. ಪೊರಕೆ ಗೋಡೆಗೆ ಒರಗಿಸಿ, ಕೆಳಗೆ ಬಂದು, ಆ ಹಸಿರಿನ ಪಕ್ಕ ಕುಳಿತಳು. ಮಾಲಿ ಹತ್ತಿರ ಹೋಗಿ, "ಏಳಕ್ಕೋ, ಯಜಮಾನ್ರು ಬಂದಾರು" ಎಂದ.

"ಎಡಗಾಲು ಮಡಚ್ಕೊಂಡೇ ಮಲಗೋನು ಕಣಪ್ಪ" ಎಂದಳು. "ಚಾಪೆ ಎಲ್ಲಾ ಅವನಿಗೇ ಬೇಕಿತ್ತು. ನಾನು ಬೈತಿದ್ದೆ."

ಯಜಮಾನ ಬಂದ. ಅವಳು ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದಳು.

"ಬುದ್ಧೀ, ಎಷ್ಟೊತ್ತು ಇದ್ದ?"

"ಯಾರು?"

ಅವಳು ಪೊರಕೆ ತರಲು ಮೆಟ್ಟಿಲ ಕಡೆ ಹೋದಳು. ಮರುದಿನ ಗುಡಿಸಿ ಮುಗಿಸಿ, ಬಾಗಿಲ ಬಳಿ ನಿಂತು ಮತ್ತೆ ಕೇಳಿದಳು. "ಬುದ್ಧೀ, ಎಷ್ಟೊತ್ತು ಇದ್ದ?" ಅದರ ಮರುದಿನವೂ. ದನಿ ಏರಿಸಲಿಲ್ಲ. ಶಾಪ ಹಾಕಲಿಲ್ಲ. ಹಾಲು ಬಂತಾ ಎಂದು ಕೇಳುವಂತೆ ಕೇಳಿ ಹೋಗುತ್ತಿದ್ದಳು.

ನಿಶ್ಚಿತಾರ್ಥದ ದಿನ ಹುಲ್ಲಿನ ಮೇಲೆ ದಪ್ಪ ಜಮಖಾನೆ ಹಾಸಿದರು. ಗಂಡಿನ ತಾಯಿ ಜಾಗ ಹುಡುಕುತ್ತ ಬಂದು ಸರಿಯಾಗಿ ಅದರ ಮೇಲೆಯೇ ಕುಳಿತಳು. "ಇಲ್ಲಿ ಒಳ್ಳೆ ಮೆತ್ತಗಿದೆ, ಬನ್ರೀ" ಎಂದು ತಂಗಿಯರನ್ನೂ ಕರೆದಳು. ಎಲ್ಲರೂ ನಕ್ಕರು. ಯಜಮಾನನೂ ನಗಬೇಕಾಯಿತು. ಅವನ ಕೈಯಲ್ಲಿದ್ದ ತಾಂಬೂಲದ ತಟ್ಟೆ ವಾಲಿ ಅಡಿಕೆ ಉರುಳಿತು.

ಜಮಖಾನೆ ಎತ್ತಿದ ಮರುದಿನ ಅವನೇ ಕಾಮಕ್ಕನ ಮುಂದೆ ಬಂದು ನಿಂತ. ಅವಳು ಕೇಳುವುದಕ್ಕೆ ಮೊದಲೇ ಹೇಳಿದ.

"ಒಂದು ಗಂಟೆ ಇದ್ದ. ಮೇಲೇ. ಕುಡಿದಿರಲಿಲ್ಲ ಕಾಮಕ್ಕ. ನೀರು ಕೇಳಿದ. ನಾನು ಕೊಡಲಿಲ್ಲ."

ಹೇಳಿ ಅತ್ತ. ಅವಳು ಅಳಲಿಲ್ಲ.

"ಕುಡಿದಿರಲಿಲ್ಲ ಅಂತ ನಂಗೊತ್ತಿತ್ತು ಬುದ್ಧಿ. ನಂಗೆ ಹೇಳಿದ್ರೆ ಏನಾಯ್ತದೆ? ಶನಿವಾರ ಭಜನೆ ಮಂದಿರಕ್ಕೆ ಬನ್ನಿ. ಅವ್ರ ಮುಂದೆ ಹೇಳಿ. ಅವ್ರು ಒಂದೇ ಒಂದು ಹಾಡು ಅವನ ಹೆಸರಲ್ಲಿ ಹಾಡ್ಲಿ. ಅಷ್ಟು ಸಾಕು. ಅಕ್ಕಿ ಬ್ಯಾಡ."

ಅವಳು ಕೇಳಿದ್ದು ಎಷ್ಟು? ಒಂದು ಮಾತು. ಒಂದು ಹಾಡು. ಪೊಲೀಸರನ್ನು ಕೇಳಲಿಲ್ಲ, ನ್ಯಾಯಾಲಯ ಕೇಳಲಿಲ್ಲ. ಕೇಳಬಹುದಿತ್ತು.

ಯಜಮಾನ ಏನೆಂದ?

"ಹೇಳ್ತೀನಿ. ಖಂಡಿತ ಹೇಳ್ತೀನಿ. ಮದುವೆ ಒಂದು ಕಳೀಲಿ."

ನೋಡಿ, ಆ ಬೆಳಿಗ್ಗೆ ಕ್ರೋಟನ್ ಕುಂಡ ಅಡ್ಡ ಇಟ್ಟಾಗ ಅಂದುಕೊಂಡದ್ದೂ ಇದೇ ಅಲ್ಲವೇ? ಇವರು ಹೋಗಲಿ, ಆಮೇಲೆ.

ವೈಶಾಖದಲ್ಲಿ ಮದುವೆಯಾಯಿತು. ಬಿಸಿಲಿಗೆ ಚಳಿಗಾಲದ ಹುಲ್ಲು ಒಂದೇ ವಾರದಲ್ಲಿ ಸತ್ತಿತು. ಸುತ್ತ ಗರಿಕೆ ಎದ್ದು ಹಬ್ಬಿತು. ಅಲ್ಲಿ ಮಾತ್ರ ಏಳಲಿಲ್ಲ. ಹೊಸ ಹುಲ್ಲಿನ ದಟ್ಟಣೆಯಲ್ಲಿ ಬೆಳಕಿಲ್ಲದೆ ಅದರ ಬೇರು ಉಸಿರು ಕಟ್ಟಿ ಹೋಗಿತ್ತು. ಈಗ ಹಸಿರಿನ ನಡುವೆ ಮಣ್ಣಿನ ಬಣ್ಣದಲ್ಲಿ ಅವನು ಮಲಗಿದ್ದ.

"ಮದ್ವೆ ಆಯ್ತಲ್ಲ ಬುದ್ಧಿ" ಎಂದಳು ಕಾಮಕ್ಕ.

"ಮಗಳು ಬಸುರಿ. ಈಗ ಅಂಥಾ ಮಾತು ಆಡಬಾರದು."

ಸೀಮಂತವಾಯಿತು. "ಹೆರಿಗೆ ಒಂದು ಕಳೀಲಿ." ಅಷ್ಟರಲ್ಲಿ ಮತ್ತೆ ಪುಷ್ಯ ಬಂತು, ಗರಿಕೆ ಮಲಗಿತು, ಅಲ್ಲಿ ಹಸಿರು ಎದ್ದಿತು. ಆ ವರ್ಷ ಯಾರೂ ಬಿತ್ತಿರಲಿಲ್ಲ. ಮಾಲಿ ದೇವರ ಮೇಲೆ ಆಣೆಯಿಟ್ಟು ಹೇಳಿದ. ಕತ್ತರಿಸದೆ ಬಿಟ್ಟ ಹುಲ್ಲು ತಾನೇ ಬೀಜ ಉದುರಿಸಿರಬಹುದು. ಇರಬಹುದು. ಆದರೆ ಉದುರುವ ಬೀಜಕ್ಕೆ ಎಲ್ಲಿ ನಿಲ್ಲಬೇಕೆಂದು ಯಾರು ಹೇಳಿಕೊಟ್ಟರು? ಒಂದು ಎಸಳು ಆಚೆ ಇರಲಿಲ್ಲ, ಈಚೆ ಇರಲಿಲ್ಲ.

ಕಾಮಕ್ಕ ಪ್ರತಿದಿನ ಗುಡಿಸಿ ಮುಗಿಸಿ ಬಾಗಿಲ ಬಳಿ ಬಂದು ನಿಲ್ಲುತ್ತಿದ್ದಳು. ಈಗ ಪ್ರಶ್ನೆಯೂ ಇಲ್ಲ. ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದಳು. ಒಂದು ದಿನ ಬರಲಿಲ್ಲ. ಎರಡು ದಿನದ ಜ್ವರ. ಅಷ್ಟೇ. ಕುಡುಕನ ಹೆಂಡತಿಯಾಗಿಯೇ ಸತ್ತಳು. ಮಂಡಳಿಯವರು ಅವಳ ಮುಂದೆಯೂ ಹಾಡಲಿಲ್ಲ.

ಆ ಶನಿವಾರ ಯಜಮಾನ ಭಜನೆ ಮಂದಿರಕ್ಕೆ ಹೋದ. ಎಲ್ಲರ ಮುಂದೆ ನಿಂತು, ಒಂದನ್ನೂ ಬಿಡದೆ ಹೇಳಿದ. ನೀರು ಕೇಳಿದ್ದನ್ನೂ ಹೇಳಿದ. ಅವನು ಮುಗಿಸಿದ ಮೇಲೆ ತಾಳ ಹಿಡಿದ ಮುದುಕ ಕೇಳಿದ:

"ಈಗ ಯಾರಿಗೆ ಕೇಳ್ಲಿ ಅಂತ ಹಾಡೋಣ ಯಜಮಾನ್ರೇ?"

ಹಾಡಿದರು. ಮೂಡಲಯ್ಯನ ಹೆಸರು ಹಿಡಿದು ಹಾಡಿದರು. ಕೇಳಬೇಕಾದವಳು ಇರಲಿಲ್ಲ.

ಆಮೇಲೆ ಹುಲ್ಲು ಏನಾಯಿತು ಎಂದು ಕೇಳಬೇಡಿ. ನನಗೆ ಗೊತ್ತಿಲ್ಲ. ಈಗ ನಿಮ್ಮ ವಿಷಯಕ್ಕೆ ಬರೋಣ.

ನಾವು ಯಾರನ್ನೂ ಕೊಂದಿಲ್ಲವಲ್ಲ ಎಂದು ನೀವು ನೆಮ್ಮದಿಯಿಂದ ಕುಳಿತಿದ್ದೀರಿ. ಸರಿ, ಕೊಂದಿಲ್ಲ. ಓಲೆ ಕಳೆದಾಗ ಓರಗಿತ್ತಿಯ ಮೇಲೆ ಕೂಗಾಡಿದ್ದು ನೆನಪಿದೆಯೇ? ನಾಲ್ಕು ಮನೆಗೆ ಕೇಳುವಂತೆ ಕೂಗಿದಿರಿ. ತಿಂಗಳ ಮೇಲೆ ಓಲೆ ಅಕ್ಕಿ ಡಬ್ಬದ ತಳದಲ್ಲಿ ಸಿಕ್ಕಿತು. ಆಗ ಕೂಗಿದಿರಾ? ಕಚೇರಿಯಲ್ಲಿ ಕಡತ ಕಳೆದದ್ದು ನೀವು. ಬೈಗುಳ ತಿಂದದ್ದು ಅಟೆಂಡರ್. ಕಡತ ನಿಮ್ಮ ಮೇಜಿನ ಕೆಳಗೇ ಸಿಕ್ಕಿತು. ಯಾರಿಗೆ ಹೇಳಿದಿರಿ? ಹೊರಿಸುವಾಗ ಬೀದಿಯಲ್ಲಿ ನಿಂತು ಹೊರಿಸುತ್ತೇವೆ. ಇಳಿಸುವಾಗ ಮನಸ್ಸಿನಲ್ಲೇ ಇಳಿಸಿಕೊಳ್ಳುತ್ತೇವೆ.

ಆಮೇಲೆ ಏನು ಮಾಡುತ್ತೀರಿ? ಹಬ್ಬಕ್ಕೆ ಓರಗಿತ್ತಿಗೆ ಒಳ್ಳೆಯ ಸೀರೆ ಕೊಡುತ್ತೀರಿ. ಅಟೆಂಡರಿಗೆ ಒಂದು ಡಬ್ಬ ಸಿಹಿ. ಯಾಕೆ ಎಂದು ಹೇಳುವುದಿಲ್ಲ. ಅದೇ ಆ ಬೀಜ. ಮಣ್ಣು ಕೆರೆಯದೆ, ಮೇಲೆ ಮೇಲೆ, ಅಷ್ಟು ಜಾಗಕ್ಕೆ ಮಾತ್ರ. ಅವಳು ಆ ಸೀರೆ ಉಟ್ಟಾಗಲೆಲ್ಲ ನಿಮಗೇ ಮುಖ ತಿರುಗಿಸಬೇಕೆನಿಸುತ್ತದೆ. ಇಲ್ಲವೇ?

ನೀವು ಮಾಡಬೇಕಾದದ್ದು ದೊಡ್ಡದಲ್ಲ. ಎಲ್ಲಿ ನಿಂತು ಹೊರಿಸಿದಿರೋ ಅಲ್ಲೇ ನಿಂತು ಇಳಿಸಿ. ಯಾರ ಕಿವಿಗೆ ಹಾಕಿದಿರೋ ಅವರ ಕಿವಿಗೇ ಹಾಕಿ. ಅವಳೊಬ್ಬಳ ಬಳಿ ಗುಟ್ಟಾಗಿ ಹೇಳಿ ಅತ್ತು ಬಂದರೆ ಆಗುವುದಿಲ್ಲ. ಅವಳಿಗೆ ಮೊದಲೇ ಗೊತ್ತು. ಮತ್ತು ಕಾಯಬೇಡಿ. ಹಬ್ಬ ಕಳೆಯಲಿ, ಮುಂಜಿ ಕಳೆಯಲಿ, ಒಳ್ಳೆಯ ದಿನ ಬರಲಿ ಎನ್ನಬೇಡಿ. ಇಂಥ ಮಾತಿಗೆ ಪಂಚಾಂಗದಲ್ಲಿ ಮುಹೂರ್ತ ಬರೆದಿಲ್ಲ. ಆ ಮನುಷ್ಯ ಬದುಕಿರುವುದೇ ಮುಹೂರ್ತ.

ಇಲ್ಲಿ ಕುಳಿತವರಲ್ಲಿ ಕೆಲವರಿಗೆ ಈಗಾಗಲೇ ಒಂದು ಮುಖ ಕಣ್ಣ ಮುಂದೆ ಬಂದಿದೆ. ನನಗೆ ಕಾಣುತ್ತಿದೆ. ಕೆಲವರಿಗೆ ಆ ಮುಖ ಇದೇ ಸಭೆಯಲ್ಲಿ, ಆ ಕಂಬದ ಆಚೆ ಇದೆ. ಹೊರಿಸಿದ ದಿನ ಕೇಳಿಸಿಕೊಂಡವರೂ ಇಲ್ಲೇ ಇದ್ದಾರೆ.

ಮಂಗಳಾರತಿ ಇವತ್ತು ಸ್ವಲ್ಪ ತಡವಾಗಲಿ. ನಾನು ಮಾತು ನಿಲ್ಲಿಸುತ್ತೇನೆ. ಏಳಬೇಕಾದವರು ಏಳಿ.